ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲೇಜಿನಲ್ಲಿ ಓದುತ್ತಲೇ ಪೈಲಟ್ ಆಗುವುದು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಡಿಗ್ರಿ ಮತ್ತು ಪೈಲಟ್ ಟ್ರೇನಿಂಗ್ ಎರಡನ್ನೂ ಒಟ್ಟಿಗೆ ಕೊಡುವ ಕಾಲೇಜಿಗೆ ಸೇರಬಹುದಾ, ಸೇರುವ ಮುಂಚೆ ಏನೇನು ನೋಡಿಕೊಳ್ಳಬೇಕು ಅಂತ ವಿದ್ಯಾರ್ಥಿಗಳೂ ಕೇಳಿದ್ದಾರೆ, ಅವರ ಅಪ್ಪ ಅಮ್ಮಂದಿರೂ ಕೇಳಿದ್ದಾರೆ. ಹೊಸಬರಿಗೆ ವಿಮಾನ ಹಾರಿಸಲು ಕಲಿಸುವುದೇ ನನ್ನ ಕೆಲಸ. ಹಾಗಾಗಿ ನನಗೆ ಸರಿ ಕಂಡದ್ದನ್ನು ನೇರವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ಸರ್, ನಾನು ಹನ್ನೆರಡನೇ ತರಗತಿ ಮುಗಿಸುತ್ತಿದ್ದೇನೆ. ಡಿಗ್ರಿ ಜೊತೆಗೆ ಹಾರಾಟ ಕಲಿಸುವ ಕಾಲೇಜಿಗೆ ಹೋಗಲಾ, ಇಲ್ಲಾ ಸೀದಾ ಫ್ಲೈಯಿಂಗ್ ಸ್ಕೂಲಿಗೆ ಸೇರಲಾ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಕಾಲೇಜು ಕೊಡುವುದು ಡಿಗ್ರಿ. ಲೈಸೆನ್ಸ್ ಕೊಡುವುದು ಆಯಾ ದೇಶದ ವಿಮಾನಯಾನ ಇಲಾಖೆ. ಎರಡಕ್ಕೂ ಪರೀಕ್ಷೆ ಬೇರೆ, ಶರತ್ತು ಬೇರೆ. ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದು ಡಿಗ್ರಿ ಪಡೆದೂ ಲೈಸೆನ್ಸ್ ಅರ್ಧಕ್ಕೇ ನಿಂತವರಿದ್ದಾರೆ. ಕಾಲೇಜಿನ ಪುಸ್ತಿಕೆಯಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದಿರುತ್ತಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಎಲ್ಲ ದೇಶಗಳಿಗೂ ತಳಹದಿ ಹಾಕಿಕೊಡುವುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ. ಅದರ ಪ್ರಕಾರ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 18 ವರ್ಷ ಆಗಿರಬೇಕು, 200 ಗಂಟೆ ಹಾರಾಟ ಇರಬೇಕು. ಮಾನ್ಯತೆ ಪಡೆದ ಕೋರ್ಸಿನಲ್ಲೇ ಕಲಿತರೆ 150 ಗಂಟೆ ಸಾಕು. ಇದರ ಮೇಲೆ ಯಾವ ದೇಶ ಬೇಕಾದರೂ ಜಾಸ್ತಿ ಕೇಳಬಹುದು. ಅಮೆರಿಕದಲ್ಲಿ ಸಾಮಾನ್ಯ ದಾರಿಯಲ್ಲಿ 250 ಗಂಟೆ ಬೇಕು, ಮಾನ್ಯತೆ ಪಡೆದ ಶಾಲೆಯ ಪಠ್ಯಕ್ರಮದಲ್ಲಿ ಅದು 190ಕ್ಕೆ ಇಳಿಯುತ್ತದೆ. ಐಕಾವೋ ನಿಯಮದಲ್ಲಿ ಡಿಗ್ರಿ ಬೇಕು ಅಂತ ಎಲ್ಲೂ ಇಲ್ಲ.

ಹಾಗಾದರೆ ಕಾಲೇಜು ಯಾಕೆ? ನನ್ನ ಪ್ರಕಾರ ಎರಡು ಕಾರಣ. ಹವಾಮಾನ, ವಿಮಾನದ ಎಂಜಿನ್ ಮತ್ತು ಉಪಕರಣಗಳು, ಕಾನೂನು, ಮನುಷ್ಯ ಎಲ್ಲಿ ತಪ್ಪುತ್ತಾನೆ ಎನ್ನುವ ವಿಷಯ, ಇವನ್ನೆಲ್ಲ ಕಾಲೇಜಿನಲ್ಲಿ ನಿಧಾನವಾಗಿ, ಹಾರಾಟದ ಜೊತೆಜೊತೆಗೇ ಕಲಿಯಲು ಸಮಯ ಸಿಗುತ್ತದೆ. ಬೆಳಿಗ್ಗೆ ತರಗತಿಯಲ್ಲಿ ಓದಿದ ಗಾಳಿಯ ಪಾಠ ಮಧ್ಯಾಹ್ನ ರನ್‌ವೇ ಮೇಲೆ ಕೈಗೆ ಸಿಗುತ್ತದೆ. ಎರಡನೆಯ ಕಾರಣ, ಪೈಲಟ್ ಕೆಲಸ ಆರೋಗ್ಯದ ಮೇಲೆ ನಿಂತಿದೆ. ಮುಂದೆ ಎಂದಾದರೂ ಮೆಡಿಕಲ್, ಅಂದರೆ ಹಾರಲು ಆರೋಗ್ಯ ಸರಿ ಇದೆ ಅನ್ನುವ ಸರ್ಟಿಫಿಕೇಟ್, ಕೈತಪ್ಪಿದರೆ ಬದುಕಲು ಇನ್ನೊಂದು ವಿದ್ಯೆ ಬೇಕು. ಹಾಗಾಗಿ ಡಿಗ್ರಿ ಮಾಡುವುದಾದರೆ ಎಂಜಿನಿಯರಿಂಗೋ, ಕಂಪ್ಯೂಟರೋ, ವಾಣಿಜ್ಯವೋ ಸ್ವಲ್ಪ ಸೇರಿರುವಂಥದ್ದನ್ನು ಆರಿಸಿಕೊಳ್ಳಿ.

ಬೇಗ ಮುಗಿಸಬೇಕು, ಕಡಿಮೆ ಹಣದಲ್ಲಿ ಮುಗಿಸಬೇಕು ಅಂತಿದ್ದರೆ ಒಳ್ಳೆಯ ಫ್ಲೈಯಿಂಗ್ ಸ್ಕೂಲೇ ಸರಿ. ಅದರಲ್ಲಿ ಕೀಳು ಏನೂ ಇಲ್ಲ.

ಪ್ರಶ್ನೆ: ನನ್ನ ಮಗಳು ಕನ್ನಡಕ ಹಾಕುತ್ತಾಳೆ. ಪೈಲಟ್ ಆಗಲು ಆಗುವುದಿಲ್ಲ ಅಂತ ಎಲ್ಲರೂ ಹೇಳಿ ಅವಳನ್ನು ಅಳಿಸಿದ್ದಾರೆ. ನಿಜವೇ?

ಅಲ್ಲಮ್ಮ, ನಿಜವಲ್ಲ. ನಾಗರಿಕ ವಿಮಾನಗಳನ್ನು ಸಂಬಳಕ್ಕೆ ಹಾರಿಸುವ ಪೈಲಟ್‌ಗಳಿಗೆ ಬೇಕಾಗುವುದು ಕ್ಲಾಸ್ 1 ಮೆಡಿಕಲ್. ಐಕಾವೋ ಮಟ್ಟದ ಪ್ರಕಾರ ದೂರದ ದೃಷ್ಟಿ ಪ್ರತಿ ಕಣ್ಣಿಗೂ ಕನಿಷ್ಠ 6/9 ಇರಬೇಕು, ಎರಡೂ ಕಣ್ಣು ಸೇರಿ 6/6 ಇರಬೇಕು. ಕನ್ನಡಕ ಅಥವಾ ಲೆನ್ಸ್ ಹಾಕಿಕೊಂಡು ಇಷ್ಟು ಕಂಡರೂ ಸಾಕು. ಹಾರುವಾಗ ಒಂದು ಜೊತೆ ಕನ್ನಡಕ ಹೆಚ್ಚಿಗೆ ಇಟ್ಟುಕೊಂಡಿರಬೇಕು, ಅಷ್ಟೇ. ವಾಯುಪಡೆಯ ನಿಯಮ ಬೇರೆ, ಅದು ತುಂಬಾ ಬಿಗಿ. ಜನ ಅದನ್ನೇ ಕೇಳಿಕೊಂಡು ಬಂದು ಇಲ್ಲಿಗೂ ಅನ್ವಯಿಸುತ್ತಾರೆ.

ಕಣ್ಣಿನ ಪವರ್‌ಗಿಂತ ಜಾಸ್ತಿ ತೊಂದರೆ ಕೊಡುವುದು ಬಣ್ಣ ಗುರುತಿಸುವ ಪರೀಕ್ಷೆ. ಕೆಂಪು ಹಸಿರು ಬೇರೆ ಮಾಡಿ ನೋಡಲು ಕಷ್ಟ ಆಗುವವರಿಗೆ ಅದು ಪರೀಕ್ಷೆಯ ದಿನದವರೆಗೂ ಗೊತ್ತೇ ಇರುವುದಿಲ್ಲ. ಇದರ ಜೊತೆ ಇಸಿಜಿ, ಕಿವಿ, ರಕ್ತದೊತ್ತಡ, ಹಿಂದಿನ ಕಾಯಿಲೆಗಳ ವಿವರ ಎಲ್ಲ ನೋಡುತ್ತಾರೆ.

ದಯವಿಟ್ಟು ಒಂದು ಮಾತು ಕೇಳಿ. ಕಾಲೇಜಿಗೆ ಹಣ ಕಟ್ಟುವ ಮುಂಚೆಯೇ ಕ್ಲಾಸ್ 1 ಮಾಡಿಸಿ. ಕೆಲವು ಕಾಲೇಜುಗಳು ಶುರುವಿನಲ್ಲಿ ಕೆಳಗಿನ ದರ್ಜೆಯ ಮೆಡಿಕಲ್ ಸಾಕು ಅನ್ನುತ್ತವೆ, ಯಾಕೆಂದರೆ ಕಲಿಯಲು ಅಷ್ಟೇ ಸಾಕು. ಆದರೆ ಸಂಬಳಕ್ಕೆ ಹಾರಲು ಅದು ಸಾಲದು. ಮೂರನೇ ವರ್ಷದಲ್ಲಿ ಸಾಲ ತಲೆಯ ಮೇಲೆ ಇಟ್ಟುಕೊಂಡು ಈ ಸುದ್ದಿ ಕೇಳುವ ಮಕ್ಕಳ ಮುಖ ನೋಡಲು ಆಗುವುದಿಲ್ಲ. ಮತ್ತೆ, ಹಿಂದಿನ ಕಾಯಿಲೆ, ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಹೇಳಿದರೆ ದಾರಿ ಇರುವ ಎಷ್ಟೋ ವಿಷಯಗಳು ಮುಚ್ಚಿಟ್ಟು ಸಿಕ್ಕಿಬಿದ್ದರೆ ಲೈಸೆನ್ಸನ್ನೇ ಕಳೆಯುತ್ತವೆ.

ಪ್ರಶ್ನೆ: ಎರಡನೇ ವರ್ಷದಲ್ಲಿದ್ದೇನೆ. ವಾರಕ್ಕೆ ಒಂದು ಸಲವೂ ಹಾರಾಟ ಸಿಗುತ್ತಿಲ್ಲ. ಜೊತೆಗೆ ಸೇರಿದವರು ಮುಂದೆ ಹೋಗಿದ್ದಾರೆ. ನಾನು ದಡ್ಡನಾ ಅನ್ನಿಸುತ್ತಿದೆ.

ದಡ್ಡತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಈ ಕೋರ್ಸುಗಳಲ್ಲಿ ಎಲ್ಲರೂ ಒದ್ದಾಡುವುದು ಇಲ್ಲೇ, ಸೇರುವಾಗ ಯಾರೂ ಕೇಳದೆ ಬಿಡುವ ವಿಷಯವೂ ಇದೇ.

ಟ್ರೇನಿಂಗ್ ವಿಮಾನಗಳು ಸಾಮಾನ್ಯವಾಗಿ ಸೆಸ್ನಾ 172, ಪೈಪರ್ ಆರ್ಚರ್, ಡೈಮಂಡ್ ಡಿಎ40 ಇಂಥವು. ಇವುಗಳನ್ನು ಪ್ರತಿ 100 ಗಂಟೆ ಹಾರಾಟಕ್ಕೊಮ್ಮೆ ಬಿಚ್ಚಿ ತಪಾಸಣೆ ಮಾಡುತ್ತಾರೆ. ದಿನಕ್ಕೆ ಐದಾರು ಗಂಟೆ ಹಾರುವ ವಿಮಾನ ಮೂರು ವಾರದೊಳಗೇ ಮತ್ತೆ ಶೆಡ್ಡಿಗೆ ಬರುತ್ತದೆ. ಅದರ ಮೇಲೆ ಮೋಡ, ಅಡ್ಡಗಾಳಿ, ಮಂಜು. ಹೊಸಬರಿಗೆ ಗಾಳಿಯ ಮಿತಿ ಕಡಿಮೆ ಇಟ್ಟಿರುತ್ತಾರೆ, ಹಾಗಾಗಿ ಸೀನಿಯರ್ ಹಾರುವ ದಿನ ನಿಮ್ಮ ಹಾರಾಟ ರದ್ದಾಗುತ್ತದೆ. ಇನ್ನೊಂದು ಕಾರಣ ಇನ್‌ಸ್ಟ್ರಕ್ಟರ್‌ಗಳು. ಅವರಲ್ಲಿ ಎಷ್ಟೋ ಜನ ತಮ್ಮ ಗಂಟೆ ಕೂಡಿಸಿಕೊಂಡು ಏರ್‌ಲೈನಿಗೆ ಹೋಗಲು ಕಾಯುತ್ತಿರುವ ಹುಡುಗ ಹುಡುಗಿಯರೇ. ಅವರು ಹೊರಟರೆ ನಿಮ್ಮನ್ನು ಹೊಸಬರ ಕೈಗೆ ಕೊಡುತ್ತಾರೆ, ಆ ಹೊಸಬರು ಒಂದೆರಡು ಹಾರಾಟ ನಿಮ್ಮನ್ನು ಅಳೆಯಲೇ ಬೇಕು. ಕೊನೆಗೆ ಚೆಕ್ ರೈಡ್, ಅಂದರೆ ವಿಮಾನ ಹಾರಿಸಿ ತೋರಿಸುವ ಪರೀಕ್ಷೆ, ತೆಗೆದುಕೊಳ್ಳುವ ಪರೀಕ್ಷಕರ ತಾರೀಕಿಗೂ ಕಾಯಬೇಕು.

ಹಾರಾಟದ ನಡುವೆ ಜಾಸ್ತಿ ದಿನ ಬಿಟ್ಟರೆ ಕಲಿತದ್ದು ಕೈ ತಪ್ಪುತ್ತದೆ. ಒಂದು ಪಾಠವನ್ನು ಎರಡು ಸಲ ಹಾರಿದರೆ ಎರಡು ಸಲ ಹಣ. ಪುಸ್ತಿಕೆಯಲ್ಲಿ ಕನಿಷ್ಠ ಗಂಟೆಗೆ ಲೆಕ್ಕ ಹಾಕಿ ಬರೆದ ಫೀಸು ಹೀಗೇ ಮೀರಿ ಹೋಗುವುದು.

ಈಗ ನೀವು ಮಾಡಬಹುದಾದ್ದು ಇಷ್ಟು. ಬೆಳಗಿನ ಮೊದಲ ಸ್ಲಾಟ್ ಕೇಳಿ, ಆಗ ಗಾಳಿ ಸಾಮಾನ್ಯವಾಗಿ ಶಾಂತ, ಹಿಂದಿನವರ ತಡವೂ ಇರುವುದಿಲ್ಲ. ಯಾರದ್ದಾದರೂ ಸ್ಲಾಟ್ ಖಾಲಿಯಾದರೆ ತಕ್ಷಣ ಬರುತ್ತೇನೆ ಅಂತ ವಿಮಾನ ಹಂಚುವ ಡಿಸ್ಪ್ಯಾಚ್‌ನವರಿಗೆ ಹೇಳಿಟ್ಟಿರಿ. ಸ್ನೇಹಿತರ ಪಾಠದಲ್ಲಿ ಹಿಂದಿನ ಸೀಟಿನಲ್ಲಿ ಕೂರಲು ಬಿಟ್ಟರೆ ಕೂರಿ, ಕೈಯಲ್ಲಿ ಕಂಟ್ರೋಲ್ ಇಲ್ಲದಾಗ ಕಿವಿ ಚುರುಕಾಗುತ್ತದೆ, ರೇಡಿಯೊ ಮಾತು ಅಲ್ಲಿ ಬೇಗ ಹಿಡಿಯುತ್ತದೆ. ರೂಮಿನಲ್ಲಿ ಕುರ್ಚಿ ಮೇಲೆ ಕೂತು, ಕಾಕ್‌ಪಿಟ್ ಚಿತ್ರ ಮುಂದಿಟ್ಟುಕೊಂಡು, ಇಡೀ ಹಾರಾಟವನ್ನು ಬಾಯಲ್ಲಿ ಹೇಳುತ್ತಾ ಕೈಯಾಡಿಸಿ. ಲಿಖಿತ ಪರೀಕ್ಷೆಯ ಫಲಿತಾಂಶಕ್ಕೆ ಅವಧಿ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಅಮೆರಿಕದಲ್ಲಿ ಅದು 24 ತಿಂಗಳು. ಹಾರಾಟ ತಡವಾಗಿ ಅದು ಮುಗಿದುಹೋದರೆ ಮತ್ತೆ ಬರೆಯಬೇಕು.

ಇನ್ನೂ ಸೇರದೆ ಇರುವವರು ಕಾಲೇಜು ನೋಡಲು ಹೋದಾಗ ಕಟ್ಟಡ, ಹಾಸ್ಟೆಲು ನೋಡಿ ವಾಪಸ್ ಬರಬೇಡಿ. ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇದೆ, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ವಿದ್ಯಾರ್ಥಿಗಳು, ಕಳೆದ ಬ್ಯಾಚಿನವರು ನಿಜವಾಗಿ ಎಷ್ಟು ಗಂಟೆಗೆ, ಎಷ್ಟು ತಿಂಗಳಿಗೆ ಲೈಸೆನ್ಸ್ ಪಡೆದರು ಅಂತ ಕೇಳಿ. ಆಮೇಲೆ ಇದೇ ಪ್ರಶ್ನೆಯನ್ನು ಕ್ಯಾಂಟೀನಿನಲ್ಲಿ ಮೂರನೇ ವರ್ಷದವರಿಗೆ ಕೇಳಿ. ಎರಡು ಉತ್ತರ ಹೊಂದದಿದ್ದರೆ ವಿದ್ಯಾರ್ಥಿಗಳ ಉತ್ತರವನ್ನೇ ನಂಬಿ. ಇಡೀ ಕೋರ್ಸಿನ ಹಾರಾಟದ ಹಣವನ್ನು ಒಂದೇ ಸಲ ಮುಂಗಡ ಕಟ್ಟಬೇಡಿ, ಹಂತ ಹಂತವಾಗಿ ಕಟ್ಟಿ.

ಪ್ರಶ್ನೆ: ಗಣಿತದಲ್ಲಿ ನಾನು ಅಷ್ಟಕ್ಕಷ್ಟೇ. ಕಷ್ಟ ಆಗುತ್ತದಾ?

ಬೇಕಾಗುವುದು ಬಾಯಿಲೆಕ್ಕ. ಇಳಿಯಲು ಯಾವಾಗ ಶುರು ಮಾಡಬೇಕು? ಎತ್ತರವನ್ನು ಸಾವಿರ ಅಡಿಯಲ್ಲಿ ತೆಗೆದುಕೊಂಡು ಮೂರರಿಂದ ಗುಣಿಸಿ. 10 ಸಾವಿರ ಅಡಿ ಇಳಿಯಬೇಕಾದರೆ ಸುಮಾರು 30 ನಾಟಿಕಲ್ ಮೈಲಿ ಮುಂಚೆ. ಎಷ್ಟು ವೇಗವಾಗಿ ಇಳಿಯಬೇಕು? ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ, 120 ನಾಟ್ (ಗಂಟೆಗೆ 120 ನಾಟಿಕಲ್ ಮೈಲಿ) ಇದ್ದರೆ ನಿಮಿಷಕ್ಕೆ 600 ಅಡಿ. ಇಂಥ ಲೆಕ್ಕ, ರೇಡಿಯೊದಲ್ಲಿ ಯಾರೋ ಮಾತಾಡುತ್ತಿರುವಾಗಲೂ ತಲೆಯಲ್ಲಿ ಓಡಬೇಕು. ದಿನಾ ಅಭ್ಯಾಸ ಮಾಡಿದರೆ ಬರುತ್ತದೆ.

ಪ್ರಶ್ನೆ: ಸೋಲೋ, ಅಂದರೆ ಒಂಟಿಯಾಗಿ ಹಾರಿಸುವುದನ್ನು, ಚೆನ್ನಾಗಿ ಮಾಡಿದೆ. ಈಗ ಇನ್‌ಸ್ಟ್ರುಮೆಂಟ್ ಹಂತ, ಬರೀ ಮೀಟರ್ ನೋಡಿ ಹಾರಿಸುವುದು. ಹೊರಗೆ ಕಾಣದ ಹಾಗೆ ಹುಡ್ ಹಾಕಿಕೊಂಡು ಹಾರಿದರೆ ವಿಮಾನ ವಾಲುತ್ತಿದೆ ಅನ್ನಿಸುತ್ತದೆ, ಮೀಟರ್ ನೋಡಿದರೆ ನೇರ ಇದೆ. ನನಗೆ ಇದು ಆಗದು ಅನ್ನಿಸಿ ಬಿಟ್ಟುಬಿಡುವ ಯೋಚನೆ ಬಂದಿದೆ.

ಬಿಡಬೇಡಿ. ನಿಮ್ಮ ಕಿವಿ ಸರಿಯಾಗಿ ಕೆಲಸ ಮಾಡುತ್ತಿರುವುದರಿಂದಲೇ ಹೀಗಾಗುತ್ತಿದೆ.

ಒಳಕಿವಿಯಲ್ಲಿ ಮೂರು ಸಣ್ಣ ಕೊಳವೆಗಳಿವೆ, ಒಳಗೆ ದ್ರವ ಇದೆ. ತಲೆಯನ್ನು ಒಂದು ಕಡೆಗೆ ತಿರುಗಿಸಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ತಿರುಗಿದ್ದು ಗೊತ್ತಾಗುತ್ತದೆ. ನೀರು ತುಂಬಿದ ಬಟ್ಟಲನ್ನು ತಿರುಗಿಸಿದರೆ ಮೊದಲು ನೀರು ನಿಂತೇ ಇದ್ದು ಆಮೇಲೆ ಬಟ್ಟಲಿನ ಜೊತೆ ತಿರುಗುವುದಿಲ್ಲವೇ, ಇದೂ ಹಾಗೇ. ತಿರುವು ಒಂದೇ ಸಮ ಮುಂದುವರಿದರೆ ಸ್ವಲ್ಪ ಹೊತ್ತಿಗೆ ದ್ರವವೂ ಜೊತೆಗೆ ತಿರುಗಿ, ಈಗ ನೇರ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಆಗ ನಿಜವಾಗಿ ನೇರ ಮಾಡಿದರೆ ಇನ್ನೊಂದು ಕಡೆಗೆ ವಾಲಿದ ಹಾಗೆ ಅನ್ನಿಸುತ್ತದೆ. ತುಂಬಾ ನಿಧಾನವಾಗಿ ವಾಲಿದರಂತೂ ಕಿವಿಗೆ ತಿಳಿಯುವುದೇ ಇಲ್ಲ. ನೆಲ ಕಾಣುವಾಗ ಕಣ್ಣು ಇದನ್ನೆಲ್ಲ ತಿದ್ದುತ್ತದೆ. ಮೋಡದೊಳಗೆ ತಿದ್ದುವವರು ಯಾರೂ ಇಲ್ಲ, ಮೀಟರ್ ಬಿಟ್ಟರೆ. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಮೀಟರ್ ನೋಡಿ ಹಾರಿಸುವ ಅನುಮತಿ, ಇಲ್ಲದ ಪೈಲಟ್ ಮೋಡಕ್ಕೆ ನುಗ್ಗಬಾರದು ಅನ್ನುವುದು ಇದಕ್ಕೇ.

ಈ ಭಾವನೆ ಹೋಗುವುದಿಲ್ಲ, ಹಳೆಯ ಪೈಲಟ್‌ಗಳಿಗೂ ಬರುತ್ತದೆ. ಬಂದಾಗ ಅದನ್ನು ಲೆಕ್ಕಿಸದೆ ಮೀಟರ್ ಹೇಳಿದ ಹಾಗೆ ಕೈ ಆಡಿಸುವುದನ್ನು ಕಲಿಯುತ್ತೀರಿ. ಹುಡ್ ಹಾಕಿದಾಗ ತಲೆಯನ್ನು ಸರಕ್ಕನೆ ತಿರುಗಿಸಬೇಡಿ, ಕೆಳಗೆ ಬಿದ್ದ ಪೆನ್ನು ಎತ್ತಲು ಬಗ್ಗಬೇಡಿ. ವಿಮಾನ ಎಷ್ಟು ವಾಲಿದೆ, ಮೂಗು ಮೇಲಿದೆಯೋ ಕೆಳಗಿದೆಯೋ ಅಂತ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ನೋಡಿ, ಇನ್ನೊಂದು ಮೀಟರ್ ನೋಡಿ, ಮತ್ತೆ ಆಟಿಟ್ಯೂಡ್‌ಗೆ ಬನ್ನಿ. ಒಂದರ ಮೇಲೆ ಕಣ್ಣು ನೆಟ್ಟರೆ ಉಳಿದವು ಓಡಿಹೋಗುತ್ತವೆ.

ಪ್ರಶ್ನೆ: ಡಿಗ್ರಿ, ಲೈಸೆನ್ಸ್ ಎರಡೂ ಆದ ಕೂಡಲೇ ಮಗನಿಗೆ ಏರ್‌ಲೈನ್ ಕೆಲಸ ಸಿಗುತ್ತದಾ? ಸಾಲದ ಕಂತು ಅದರ ಮೇಲೆ ನಿಂತಿದೆ.

ಕೂಡಲೇ ಅಂತ ಲೆಕ್ಕ ಹಾಕಬೇಡಿ. ಯುರೋಪಿನಲ್ಲಿ ಸುಮಾರು 200 ಗಂಟೆಗೇ, 13 ವಿಷಯಗಳ ಥಿಯರಿ ಪರೀಕ್ಷೆ ಪಾಸಾಗಿ, ಇಬ್ಬರು ಪೈಲಟ್‌ಗಳು ಕೂಡಿ ಕೆಲಸ ಮಾಡುವ ಟ್ರೇನಿಂಗ್ ಮುಗಿಸಿ ಕೋ-ಪೈಲಟ್ ಆಗುವ ದಾರಿ ಇದೆ. ಅಲ್ಲೂ ಟೈಪ್ ರೇಟಿಂಗ್, ಅಂದರೆ ಒಂದು ನಿರ್ದಿಷ್ಟ ಜೆಟ್ ಹಾರಿಸುವ ಟ್ರೇನಿಂಗ್, ಬಾಕಿ ಇರುತ್ತದೆ. ಅದರ ಖರ್ಚು ಯಾರದ್ದು ಅಂತ ಮೊದಲೇ ಕೇಳಿಕೊಳ್ಳಿ.

ಅಮೆರಿಕದಲ್ಲಿ ಬೇರೆ. 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಅದಾದ ಮೇಲೆ 2010ರಲ್ಲಿ ಕಾನೂನು ಬಂತು, 2013ರಿಂದ ಏರ್‌ಲೈನಿನ ಕೋ-ಪೈಲಟ್‌ಗೂ 1500 ಗಂಟೆ ಬೇಕಾಯಿತು. ಮಾನ್ಯತೆ ಇರುವ ಕಾಲೇಜಿನಲ್ಲೇ ಹಾರಾಟವನ್ನೂ ಕಲಿತು ನಾಲ್ಕು ವರ್ಷದ ವಿಮಾನಯಾನ ಡಿಗ್ರಿ ಪಡೆದವರಿಗೆ 1000 ಗಂಟೆಗೆ ಅವಕಾಶ ಇದೆ, ಎರಡು ವರ್ಷದ ಡಿಗ್ರಿಗೆ 1250. ವಯಸ್ಸು 21 ಆಗಿರಬೇಕು. ಈ 500 ಗಂಟೆಯ ಉಳಿತಾಯವೇ ಅಲ್ಲಿನ ಕಾಲೇಜುಗಳ ದೊಡ್ಡ ಆಕರ್ಷಣೆ. ನೀವು ನೋಡುತ್ತಿರುವ ಕಾಲೇಜಿಗೆ ಆ ಮಾನ್ಯತೆ ಇದೆಯಾ ಅಂತ ಬರಹದಲ್ಲೇ ಕೇಳಿ.

ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುವ ಸಂಗತಿ ಒಂದಿದೆ. ಕೋಲ್ಗನ್ ವಿಮಾನದ ಇಬ್ಬರು ಪೈಲಟ್‌ಗಳಿಗೂ 1500ಕ್ಕಿಂತ ಜಾಸ್ತಿ ಗಂಟೆ ಇತ್ತು. ವೇಗ ತೀರಾ ಕಡಿಮೆಯಾಗಿ ಎಚ್ಚರಿಕೆ ಬಂದಾಗ ವಿಮಾನದ ಮೂಗು ಕೆಳಗೆ ಮಾಡಬೇಕಿತ್ತು, ಕ್ಯಾಪ್ಟನ್ ಕಂಟ್ರೋಲನ್ನು ಹಿಂದಕ್ಕೆ ಎಳೆದರು ಅಂತ ತನಿಖೆಯಲ್ಲಿ ಗೊತ್ತಾಯಿತು. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ, ಅಂದರೆ ಸ್ಟಾಲ್‌ನಿಂದ ಹೊರಗೆ ಬರುವುದು ಹಾರಾಟದ ಮೊದಲ ತಿಂಗಳಲ್ಲೇ ಕಲಿಸುವ ಪಾಠ. ಲಾಗ್ ಬುಕ್ಕಿನಲ್ಲಿ ಗಂಟೆ ತುಂಬುತ್ತಾ ಹೋಗುವಾಗ ಇಂಥ ಮೊದಲ ಪಾಠಗಳನ್ನು ಮತ್ತೆ ಮತ್ತೆ ಮಾಡುತ್ತಿರಬೇಕು, ಮಗನಿಗೆ ಹೇಳಿ.

ನಡುವಿನ ಗಂಟೆಗಳನ್ನು ಹೆಚ್ಚಿನವರು ಇನ್‌ಸ್ಟ್ರಕ್ಟರ್ ಆಗಿ ಕೂಡಿಸುತ್ತಾರೆ. ಸಂಬಳ ಸಾಧಾರಣ, ಆದರೆ ಕಲಿಸುವಾಗ ಕಲಿಯುವಷ್ಟು ಬೇರೆಲ್ಲೂ ಕಲಿಯುವುದಿಲ್ಲ. ಹಾಗಾಗಿ ಸಾಲ ಮಾಡುವಾಗ ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ದೊಡ್ಡ ಸಂಬಳ ಇರುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಒಂದು ದೇಶದಲ್ಲಿ ಪಡೆದ ಲೈಸೆನ್ಸನ್ನು ಇನ್ನೊಂದು ದೇಶದ್ದಾಗಿ ಬದಲಾಯಿಸಲು ಮತ್ತೆ ಪರೀಕ್ಷೆ, ಮತ್ತೆ ಖರ್ಚು ಇರುತ್ತದೆ. ಎಲ್ಲಿ ಕೆಲಸ ಮಾಡಬೇಕು ಅಂತಿದ್ದಾನೋ ಅಲ್ಲಿನ ನಿಯಮ ಓದಿಕೊಂಡು ಕಾಲೇಜು ಆರಿಸಲಿ.

ಪ್ರಶ್ನೆ: ಪ್ರತಿ ಪಾಠದಲ್ಲೂ ವಾಂತಿ ಬಂದ ಹಾಗಾಗುತ್ತದೆ. ಮಾತ್ರೆ ತೆಗೆದುಕೊಳ್ಳಲಾ?

ನೀವಾಗಿಯೇ ತೆಗೆದುಕೊಳ್ಳಬೇಡಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರುತ್ತವೆ, ಅಂಥವನ್ನು ತೆಗೆದುಕೊಂಡು ಹಾರುವಂತಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಹಗುರಾಗಿ ತಿನ್ನಿ. ಮುಖಕ್ಕೆ ಗಾಳಿ ಬರುವ ಹಾಗೆ ಮಾಡಿಕೊಂಡು ದೂರದ ದಿಗಂತ ನೋಡಿ. ಕಂಟ್ರೋಲ್ ನಿಮ್ಮ ಕೈಯಲ್ಲೇ ಇರಲಿ, ಹಾರಿಸುತ್ತಿರುವವರಿಗೆ ಇದು ಕಡಿಮೆ. ಶುರುವಾಗುತ್ತಿದೆ ಅನ್ನಿಸಿದ ತಕ್ಷಣ ಇನ್‌ಸ್ಟ್ರಕ್ಟರಿಗೆ ಹೇಳಿ, ಅವತ್ತಿನ ಪಾಠ ಚಿಕ್ಕದು ಮಾಡುತ್ತಾರೆ. ಹೆಚ್ಚಿನವರಿಗೆ ಹಾರುತ್ತಾ ಹಾರುತ್ತಾ ತಾನಾಗಿ ಕಡಿಮೆಯಾಗುತ್ತದೆ. ಆಗದಿದ್ದರೆ ವಿಮಾನಯಾನದ ಮೆಡಿಕಲ್ ಮಾಡುವ ಡಾಕ್ಟರನ್ನೇ ಕಾಣಿ.