ಮಾಸ್ತರ, ಮೊಮ್ಮಗಳನ್ನ ಕಳಸ್ರಿ

ಮಾಸ್ತರ, ನಮಸ್ಕಾರ್ರೀ. ಲಕ್ಷ್ಮೇಶ್ವರದಿಂದ ನೀವು ಬರದ ನಾಕು ಪುಟದ ಪತ್ರ ಕೈಗೆ ಬಂದು ಮೂರು ಸಲ ಓದೀನಿ. ಮೊಮ್ಮಗಳಿಗೆ ಧಾರವಾಡದ ಯುನಿವರ್ಸಿಟಿಯೊಳಗ ಜರ್ನಲಿಸಂ ಎಂಎ ಮಾಡೂ ಆಸೆ ಐತಿ, ಮನ್ಯಾಗ ಯಾರಿಗೂ ಮನಸಿಲ್ಲ, ಪತ್ರಕರ್ತೆ ಗೌರಿ ಲಂಕೇಶ್ ಕೊಲಿ ಕೇಸಿನ ಆರೋಪಿಗಳು ಜಾಮೀನಿನ ಮ್ಯಾಲೆ ಹೊರಗ ಬಂದ್ರ ಹಾರ ಹಾಕಿ ಕರಕೊಂತಾರ, ಇಂಥಾದ್ರಾಗ ಹುಡುಗಿನ್ನ ಯಾವ ಧೈರ್ಯದ ಮ್ಯಾಲೆ ಕಳಸ್ಲಿ ಅಂತ ಕೇಳೀರಿ. ಜೊತಿಗೆ ಇನ್ನೊಂದು ಮಾತೂ ಬರದೀರಿ, ದಿನಾ ಎಷ್ಟೋ ಕೊಲಿ ಆಗ್ತಾವ, ಪತ್ರಕರ್ತರದ್ದಷ್ಟ ಯಾಕ ನೀವು ವರ್ಷಾ ವರ್ಷಾ ಬರೀತೀರಿ ಅಂತ.

ಎರಡನೇದಕ್ಕ ಮೊದಲು ಉತ್ತರ ಕೊಡ್ತೀನಿ. ರೈತ ಸತ್ರೂ, ಡ್ರೈವರ್ ಸತ್ರೂ, ರಿಪೋರ್ಟರ್ ಸತ್ರೂ ಹೆತ್ತಾಕಿ ಸಂಕಟ ಒಂದ, ಅದರಾಗ ಮಾತಿಲ್ಲ. ಆದ್ರ ರಿಪೋರ್ಟರ್‌ನ ಕೊಂದವ್ರು ಒಬ್ಬ ಮನಷ್ಯಾನ್ನ ಕೊಲ್ಲಾಕ ಅಷ್ಟ ಬಂದಿರೂದಿಲ್ಲ, ಅಂವನ ಕೈಯಾಗಿದ್ದ ಸುದ್ದಿ ಮುಗಸಾಕ ಬಂದಿರ್ತಾರ, ಬಾಜೂ ತಾಲೂಕಿನ್ಯಾಗ ಅದ ಸುದ್ದಿ ಹಿಂದ ಬಿದ್ದ ಇನ್ನೊಬ್ಬ ಪೆನ್ನು ಕಿಸೇದಾಗ ಇಟಗೊಂಡು ಸುಮ್ನ ಮನೀಗೆ ಹೋಗ್ಲಿ ಅಂತ ಬಂದಿರ್ತಾರ. 2025ರ ಜನವರಿಯೊಳಗ ಛತ್ತೀಸಗಢದ ಬಿಜಾಪುರದಾಗ ಮುಕೇಶ್ ಚಂದ್ರಾಕರ್ ಅನ್ನೋ ಪತ್ರಕರ್ತ ಹುಡುಗನ ಹೆಣ ಒಬ್ಬ ಕಾಂಟ್ರಾಕ್ಟರ್‌ಗೆ ಸೇರಿದ ಜಾಗದ ಸೆಪ್ಟಿಕ್ ಟ್ಯಾಂಕಿನ್ಯಾಗ ಸಿಕ್ತು. ಅಂವಾ ಬಯಲಿಗೆ ತಂದಿದ್ದು ಒಂದು ರಸ್ತೆ ಕೆಲಸದಾಗಿನ ಅವ್ಯವಹಾರ. ರಸ್ತೆ ಮಾಸ್ತರ, ಬರೇ ಒಂದು ರಸ್ತೆ! ಅಂಥಾ ರಸ್ತೆ ನಮ್ಮ ಕಡೆ ಇಲ್ಲೇನ್ರಿ?

ನಮಗ ಸುದ್ದಿ ಕಳಸೂ ಹುಡುಗ ಒಬ್ಬ ಅದಾನ, ತುಂಗಭದ್ರಾ ದಂಡಿ ಮ್ಯಾಲಿನ ತಾಲೂಕಿನಾಂವ, ಊರು ಹೇಳೂದಿಲ್ಲ. ಒಂದು ರಾತ್ರಿ ಹೊಳಿ ಕಡೆಯಿಂದ ಉಸುಕು ತುಂಬಕೊಂಡು ಬರೂ ಟಿಪ್ಪರ್ ನೋಡ್ಕೋತ ನಿಂತಾನ, ಮೊಬೈಲ್ ತಗದ್ರ ಬೆಳಕ ಕಾಣತೈತಿ ಅಂತ ನಂಬರ್‌ಗಳನ್ನ ಬಾಲ್‌ಪೆನ್ನಲೆ ಅಂಗೈ ಮ್ಯಾಲೆ ಬರಕೊಂಡಾನ. ಮರುದಿನ ಆಫೀಸಿಗೆ ಬಂದು ಕೈ ಚಾಚಿ ತೋರಿಸ್ದಾ, ಬೆವರಿಗೆ ಎರಡು ನಂಬರ್ ಅಳಿಸಿ ನೀಲಿ ಬಣ್ಣ ಆಗಿ ಉಳದಿದ್ವು. ಸುದ್ದಿ ಅಚ್ಚಿಗೆ ಹೋಗೂದ್ರಾಗ ಅಂವನ ಹೆಂಡತಿ ಫೋನಿಗೆ ಕರೆ ಬಂತು, "ನಿಮ್ಮ ಮನಿಯವರು ದಿನಾ ಯಾವ ದಾರೀಲೆ ಬರ್ತಾರ ನಮಗ ಗೊತ್ತೈತ್ರಿ ಅಕ್ಕಾರ" ಅಂತ, ಭಾಳ ಮರ್ಯಾದಿಲೆ. ಸುದ್ದಿ ಹಾಕಿದ್ವಿ, ಅಂವನ ಹೆಸರು ಹಾಕಲಿಲ್ಲ. ಆವಾಗ ಅಂವಾ ಕೇಳಿದ್ದು ಇವತ್ತಿಗೂ ಕಿವಿಯೊಳಗ ಐತಿ: "ಸರ, ನಾಳೆ ನನಗೇನರ ಆತು ಅಂದ್ರ ನಾ ಪತ್ರಕರ್ತ ಅಂತ ಯಾರು ಒಪ್ಕೊಂತಾರ್ರೀ?" ಅಂವಗ ಪಗಾರ ಇಲ್ಲ, ಸುದ್ದಿಗಿಷ್ಟು ಅಂತ ರೊಕ್ಕ, ಐಡಿ ಕಾರ್ಡೂ ನಾವು ಕೊಟ್ಟಿರಲಿಲ್ಲ. ಆ ತಪ್ಪು ನಂದು. ಮರುವಾರ ಕಾರ್ಡ್ ಕೊಟ್ಟೆ. ತಾಲೂಕಿನ್ಯಾಗ ಜೀವಾ ಕಳಕೊಂಡವರ ಬಗ್ಗೆ ಅಂವಾ ಪತ್ರಕರ್ತ ಅಲ್ಲ, ಹಳೇ ಜಗಳ ಇತ್ತು ಅಂತ ಹೇಳಿ ಕೇಸು ಸಣ್ಣದು ಮಾಡೂದು ಇಲ್ಲಿಂದನ ಶುರುವಾಗ್ತೈತಿ.

ಈಗ ನಮ್ಮ ಧಾರವಾಡಕ್ಕ ಬರ್ತೀನಿ. 2015ರ ಆಗಸ್ಟ್ 30, ರವಿವಾರ ಮುಂಜಾನೆ, ಕಲ್ಯಾಣನಗರದ ಮನ್ಯಾಗ ಎಂ.ಎಂ. ಕಲಬುರ್ಗಿ ಸರ್‌ನ ಗುಂಡು ಹಾಕಿ ಕೊಂದ್ರು. ಅವರು ಪತ್ರಕರ್ತರಲ್ಲ, ಸಂಶೋಧಕರು, ಆದ್ರೂ ಈ ಮಾತು ಅವರನ್ನ ಬಿಟ್ಟು ಮುಂದ ಹೋಗೂದಿಲ್ಲ. ಅದಕ್ಕೂ ಮೊದಲು 2013ರಾಗ ಪುಣೆಯೊಳಗ ಮೂಢನಂಬಿಕಿ ವಿರುದ್ಧ ಹೋರಾಡಿದ ದಾಭೋಲ್ಕರ್, 2015ರ ಫೆಬ್ರುವರಿಯೊಳಗ ಕೊಲ್ಹಾಪುರದಾಗ ಕಮ್ಯುನಿಸ್ಟ್ ನಾಯಕ ಪಾನ್ಸರೆ. ಕಲಬುರ್ಗಿ ಸರ್ ಕೇಸು ಸಿಐಡಿ ಕಡೆ ಇತ್ತು, ಎರಡು ವರ್ಷ ಆದ್ರೂ ಯಾರೂ ಸಿಗಲಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಾಗ ಆಫೀಸಿನಿಂದ ಮನೀಗೆ ಬಂದ ಗೌರಿಯವರನ್ನ ಮನಿ ಬಾಗಲದಾಗ ಕೊಂದ್ರು. ಆಮ್ಯಾಲೆ ಫೊರೆನ್ಸಿಕ್‌ನವರು ಗುಂಡು ತಾಳಿ ಹಾಕಿ ನೋಡಿದ್ರ ಎರಡೂ ಕಡೆ ಹಾರಿದ್ದು ಒಂದ ನಾಡ ಪಿಸ್ತೂಲಿಂದ, 7.65 ಎಂಎಂದು. ಧಾರವಾಡದಾಗ ಹಾರಿದ ಪಿಸ್ತೂಲು ಎರಡು ವರ್ಷ ಎಲ್ಲೋ ಭದ್ರ ಇತ್ತು ಮಾಸ್ತರ. ಆವಾಗನ ಹಿಡದಿದ್ರ ಗೌರಿ ಉಳೀತಿದ್ರೇನು ಅಂತ ನಾ ಎಷ್ಟು ಸಲ ವಿಚಾರ ಮಾಡೀನಿ ಲೆಕ್ಕಿಲ್ಲ. ಒಂದು ಕೊಲಿಗೆ ಶಿಕ್ಷೆ ಆಗಲಿಲ್ಲ ಅಂದ್ರ ಮುಂದಿನ ಕೊಲಿಗೆ ದಾರಿ ಆಗ್ತೈತಿ ಅಂತ ನಾವು ಹೇಳೂದು ಇದಕ್ಕ.

ಗೌರಿ ಕೊಲಿ ತನಿಖೆಗೆ ವಿಶೇಷ ತನಿಖಾ ತಂಡ (ಎಸ್‌ಐಟಿ) ಬಂದ ಮ್ಯಾಲೆ ಕಲಬುರ್ಗಿ ಕೇಸಿಗೂ ಜೀವಾ ಬಂತು. ಕಲಬುರ್ಗಿ ಸರ್ ಹೆಂಡತಿ ಉಮಾದೇವಿ ಅಮ್ಮನವರು ಸುಪ್ರೀಂ ಕೋರ್ಟ್ ಮಟಾ ಹೋದ್ರು, 2019ರ ಫೆಬ್ರುವರಿಯೊಳಗ ಕೋರ್ಟು ಇದನ್ನೂ ಅದ ಎಸ್‌ಐಟಿಗೆ ಕೊಟ್ಟು, ಧಾರವಾಡ ಹೈಕೋರ್ಟ್ ಪೀಠಕ್ಕ ಮ್ಯಾಲೆ ನಿಗಾ ಇಡ್ರಿ ಅಂತು. ಆ ವಯಸ್ಸಿನ್ಯಾಗ ಆ ತಾಯಿ ಅಷ್ಟು ಅಡ್ಡಾಡಬೇಕಾತು. ಆರೋಪಿಗಳ ಪಟ್ಟಿಯೊಳಗ ನಮ್ಮ ಹುಬ್ಬಳ್ಳಿಯವರ ಹೆಸರೂ ಅದಾವ. ಅವರ ಮ್ಯಾಲಿನ ಆರೋಪ ಖರೇನೋ ಸುಳ್ಳೋ ಕೋರ್ಟ್ ಹೇಳಬೇಕು. ಹೇಳಬೇಕಲ್ರೀ! 2025ರ ಆಗಸ್ಟ್‌ಗೆ ಹತ್ತು ವರ್ಷ ತುಂಬಿದಾಗೂ ತೀರ್ಪು ಬಂದಿರಲಿಲ್ಲ.

ಜಾಮೀನಿನ ಬಗ್ಗೆ ಸಿಟ್ಟಿಲೆ ಬರದೀರಿ. ನನಗೂ 2024ರ ಅಕ್ಟೋಬರ್‌ದಾಗ ವಿಜಯಪುರದ ಆ ಹಾರ, ಕೇಸರಿ ಶಾಲು ನೋಡಿ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ಆದ್ರ ಜಾಮೀನು ಕೊಟ್ಟ ಕೋರ್ಟನ್ನ ನಾ ಬೈಯೂದಿಲ್ಲ, ವಿಚಾರಣೆ ಮುಗಿಲಾರ್ದನ ಆರೇಳು ವರ್ಷ ಒಳಗ ಇಡೂದು ನ್ಯಾಯ ಅಲ್ಲ. ಗೌರಿಯವರದ್ದು 500ಕ್ಕೂ ಹೆಚ್ಚು ಸಾಕ್ಷಿ ಇರೋ ಕೇಸು, ವಿಚಾರಣೆ ಶುರುವಾಗಿದ್ದ 2022ರ ಜುಲೈಯೊಳಗ. ನಮ್ಮ ಸಿಟ್ಟು ಆ ತಡಾದ ಮ್ಯಾಲೆ ಇರಬೇಕು, ದಿನಾಲೂ ಕೇಸು ನಡೆಸೂ ಸ್ಪೆಷಲ್ ಕೋರ್ಟ್ ಯಾಕಿಲ್ಲ ಅಂತ ಸರಕಾರಾನ್ನ ಬೆನ್ನು ಹತ್ತಬೇಕು. ಇದ ಗೌರಿಯವರು 2008ರಾಗ ಹಾಕಿದ ಒಂದು ವರದಿಗೆ ಮಾನನಷ್ಟ ಕೇಸು ಆಗಿ, 2016ರ ನವೆಂಬರ್‌ದಾಗ ನಮ್ಮ ಹುಬ್ಬಳ್ಳಿ ಕೋರ್ಟಿನ್ಯಾಗನ ಆರು ತಿಂಗಳ ಶಿಕ್ಷೆ ಬಿತ್ತು. ಹುಬ್ಬಳ್ಳಿಗೆ ಬಂದು ಆ ತೀರ್ಪು ಕೇಳಿ, ಜಾಮೀನು ತೊಗೊಂಡು ಹೋದ್ರು. ಅವರು ಬರದದ್ದರ ಕೇಸು ಎಂಟು ವರ್ಷಕ್ಕ ಮುಗೀತು, ಅವರನ್ನ ಕೊಂದದ್ದು ಎಂಟು ವರ್ಷ ಆದ್ರೂ ಮುಗೀಲಿಲ್ಲ.

ಶಿಕ್ಷೆ ಆಗೂದ ಇಲ್ಲ ಅಂತ ಕೈಚೆಲ್ಲಿ ಕೂಡ್ರಬ್ಯಾಡ್ರಿ. ಮುಂಬೈಯ ಪತ್ರಕರ್ತ ಜೆ. ಡೇ ಅವರನ್ನ 2011ರಾಗ ಕೊಂದಿದ್ದಕ್ಕ 2018ರಾಗ ಭೂಗತ ಲೋಕದ ಛೋಟಾ ರಾಜನ್‌ಗ ಜೀವಾವಧಿ ಆತು. ದಾಭೋಲ್ಕರ್ ಕೇಸಿನ್ಯಾಗ 2024ರ ಮೇದಾಗ ಇಬ್ಬರಿಗೆ ಜೀವಾವಧಿ, ಮೂವರು ಖುಲಾಸೆ, ಹಿಂದಿನ ಸೂತ್ರಧಾರಿ ಮಾತ್ರ ಸಿಗಲಿಲ್ಲ. ಅರ್ಧಾ ನ್ಯಾಯ, ಅದಕ್ಕೂ 11 ವರ್ಷ. ಇದು ನಮ್ಮ ದೇಶದ್ದಷ್ಟ ಕಥಿ ಅಲ್ಲ, ಜಗತ್ತಿನ್ಯಾಗ ಪತ್ರಕರ್ತರ ಕೊಲಿ ಕೇಸಿನೊಳಗ ನೂರಕ್ಕ 85ರಷ್ಟಕ್ಕ ಶಿಕ್ಷೆ ಆಗಿಲ್ಲ ಅಂತ ಯುನೆಸ್ಕೊ 2024ರಾಗ ಹೇಳ್ತು. ಸಾಕ್ಷಿದಾರರಿಗೆ ರಕ್ಷಣೆ ಕೊಡೂ ಸ್ಕೀಮಿಗೆ 2018ರಾಗ ಸುಪ್ರೀಂ ಕೋರ್ಟ್ ಒಪ್ಪಿಗಿ ಕೊಟ್ಟೈತಿ. ಹತ್ತು ವರ್ಷದ ಹಿಂದ ನೋಡಿದ ಮುಖಾ ಕೋರ್ಟಿನ್ಯಾಗ ಬಟ್ಟು ಮಾಡಿ ತೋರಸೂ ಮನಷ್ಯಾಗ ಅದು ಮನೀ ಮಟಾ ಮುಟ್ಟೇತೇನು ಅಂತ ಕೇಳಬೇಕು.

ಇನ್ನ ನಿಮ್ಮ ಮೊಮ್ಮಗಳ ಮಾತು. ಅಂಜಿಕಿ ಇಲ್ಲ ಅಂತ ನಾ ಸುಳ್ಳು ಹೇಳೂದಿಲ್ಲ, ನನಗೂ ಮಗಳು ಅದಾಳ. ಆದ್ರೂ ಕಳಸ್ರಿ. ಪುಣ್ಯತಿಥಿ ದಿನಾ ಮೇಣಬತ್ತಿ ಹಚ್ಚಾಕ ನೂರು ಮಂದಿ ಬರ್ತೀವಿ, ಸಾಕ್ಷಿ ಹೇಳೂ ದಿನಾ ಕೋರ್ಟ್ ಹಾಲಿನ್ಯಾಗ ಹಿಂದಿನ ಬೆಂಚು ಖಾಲಿ ಇರ್ತಾವ. ಯಾರ ಸಾಕ್ಷಿ ಆತು, ಯಾಕ ಮುಂದ ಹೋತು, ಮುಂದಿನ ತಾರೀಖು ಯಾವುದು, ಇಷ್ಟ ಮೂರು ಸಾಲು ಪ್ರತಿ ಸಲಾನೂ ಬರಿಯಾಕ ನಮಗ ಒಬ್ರು ಬೇಕು, ಹಾಕೂ ಜಾಗಾ ನಾ ಪತ್ರಿಕೆಯೊಳಗ ತಗದಿಟ್ಟೀನಿ. ಅಡ್ಮಿಷನ್ ಆದ ಮ್ಯಾಲೆ ಆಕಿಗೆ ನನ್ನ ಬಂದು ಕಾಣಾಕ ಹೇಳ್ರಿ, ಕೋರ್ಟಿನ ಮೊದಲ್ನೇ ತಾರೀಖಿಗೆ ನಾನ ಜೋಡಿ ಕರಕೊಂಡು ಹೋಗಿ ಬಾಜೂ ಕೂಡ್ರತೀನಿ. ಐಡಿ ಕಾರ್ಡ್ ಅವತ್ತ ಕೊಡ್ತೀನಿ.

ನಿಮ್ಮ
ಸಂಪಾದಕ