ಪ್ರತಿ: ಉಕ್ಕಿನ ಮ್ಯಾಂಗನೀಸ್ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಮಾಸುವುದು

ಹಾಸನದ ವರ್ಕ್‌ಶಾಪಿನಿಂದ ತಂದ ಉಕ್ಕಿನ ಚೂರಲ್ಲಿ ಮ್ಯಾಂಗನೀಸ್ ಅಳೆಯುವಾಗ ಗುಲಾಬಿ ಬಣ್ಣ ಮಾಸುತ್ತಿದೆ ಅಂತ ಕೇಳಿದ್ದೀರಿ. ಮೊದಲು ನೀರನ್ನು ಅನುಮಾನಿಸಿ. ನಲ್ಲಿ, ಬೋರ್‌ವೆಲ್ ನೀರಿನ ಕ್ಲೋರೈಡ್, ಈ ಗುಲಾಬಿ ಬಣ್ಣ ಕೊಡುವ ಪರ್ಮಾಂಗನೇಟನ್ನು ತಿಂದುಹಾಕುತ್ತದೆ. ಬಟ್ಟಿ ಇಳಿಸಿದ ನೀರಿಗೂ ಚಿಟಿಕೆ ಪೊಟ್ಯಾಸಿಯಂ ಪೆರಿಅಯೋಡೇಟ್ (ಮ್ಯಾಂಗನೀಸನ್ನು ಪರ್ಮಾಂಗನೇಟ್ ಮಾಡುವ ಉತ್ಕರ್ಷಕ) ಹಾಕಿ ಕುದಿಸಿ, ಆರಿಸಿ ಬಳಸಿ. ಗಾಜಿನ ಸಾಮಾನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದಿದ್ದರೆ ಚೆನ್ನಾಗಿ ಜಾಲಿಸಿ.

ಚೂರಿನ ಎಣ್ಣೆಯನ್ನು ಅಸಿಟೋನ್‌ನಲ್ಲಿ ತೆಗೆದು 0.2 ಗ್ರಾಂ ತೂಗಿ. ಒಂದು ಪಾಲು ನೈಟ್ರಿಕ್ ಆಮ್ಲಕ್ಕೆ ಮೂರು ಪಾಲು ನೀರು ಬೆರೆಸಿ, ಅದರ 30 ಮಿ.ಲೀ.ನಲ್ಲಿ ಫ್ಯೂಮ್ ಹುಡ್ (ಹೊಗೆ ಹೀರುವ ಗೂಡು) ಒಳಗೇ ಕರಗಿಸಿ. ಕಂದು ಹೊಗೆ ಪೂರ್ತಿ ಹೋಗುವವರೆಗೂ ಕುದಿಸಲೇಬೇಕು. ಉಳಿದ ನೈಟ್ರೋಜನ್ ಆಕ್ಸೈಡ್ ಕೂಡ ಬಣ್ಣ ಕೆಡಿಸುತ್ತದೆ, ಅವಸರದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ 5 ಮಿ.ಲೀ. ಫಾಸ್ಫಾರಿಕ್ ಆಮ್ಲ ಹಾಕಿ, ಕಬ್ಬಿಣದ ಹಳದಿ ಛಾಯೆ ಕಣ್ಣೆದುರೇ ತಿಳಿಯಾಗುತ್ತದೆ. 0.5 ಗ್ರಾಂ ಪೆರಿಅಯೋಡೇಟ್ ಸೇರಿಸಿ ಕೆಲವು ನಿಮಿಷ ಮೆಲ್ಲಗೆ ಕುದಿಸಿ, ಆರಿಸಿ, ಮೊದಲೇ ಪೆರಿಅಯೋಡೇಟ್ ಹಾಕಿ ಕುದಿಸಿಟ್ಟ ನೀರಿನಿಂದಲೇ 100 ಮಿ.ಲೀ. ಮಾಡಿ. ಪೆರಿಅಯೋಡೇಟ್ ಹೆಚ್ಚುವರಿಯಾಗಿ ಉಳಿದಿದ್ದರೆ ಬಣ್ಣ ನಿಲ್ಲುತ್ತದೆ, ಜಿಪುಣತನ ಬೇಡ.

ಬೆಳಕಿನ ಹೀರಿಕೆಯನ್ನು (ಅಬ್ಸಾರ್ಬೆನ್ಸ್) ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 525 ನ್ಯಾನೋಮೀಟರ್‌ಗೆ ಇಟ್ಟು ಓದಿ. 0.6% ಮ್ಯಾಂಗನೀಸ್ ಇದ್ದರೆ 1 ಸೆಂ.ಮೀ. ಕ್ಯೂವೆಟ್‌ನಲ್ಲಿ (ದ್ರಾವಣ ಹಾಕುವ ಪುಟ್ಟ ಪಾತ್ರೆ) ಸುಮಾರು 0.5 ಬರಬೇಕು. ಅದೇ ದ್ರಾವಣಕ್ಕೆ ಒಂದು ಹನಿ ಸೋಡಿಯಂ ನೈಟ್ರೈಟ್ ಹಾಕಿ ಗುಲಾಬಿ ಹೋದ ಮೇಲೆ ಮತ್ತೆ ಓದಿ, ಅದನ್ನು ಮೊದಲ ಓದಿನಿಂದ ಕಳೆಯಿರಿ, ಕಬ್ಬಿಣ ಮತ್ತು ನಿಕ್ಕಲ್‌ನ ಬಣ್ಣ ಲೆಕ್ಕದಿಂದ ಹೊರಗೆ ಹೋಗುತ್ತದೆ.