ಅಪ್ಪ ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು 1080ಪಿಯಲ್ಲಿ ಕಂಪ್ಯೂಟರಿಗೆ ಹಾಕಿಕೊಳ್ಳಲು ಯಾವ ಕ್ಯಾಪ್ಚರ್ ಕಾರ್ಡ್ ಒಳ್ಳೆಯದು? 4ಕೆ ಕಾರ್ಡ್ ಬೇಕಾಗುತ್ತದಾ?

1080ಪಿ ಎಂದು ಡಬ್ಬಿಯ ಮೇಲೆ ಬರೆದಿರುವ ಕಾರಣಕ್ಕೆ ಯಾವ ಕಾರ್ಡನ್ನೂ ಕೊಳ್ಳಬೇಡಿ. 4ಕೆಯಂತೂ ಬೇಡವೇ ಬೇಡ. ಇದೇ ಆಸೆಯಿಂದ ಅಂಥದ್ದೊಂದನ್ನು ತಂದು ನಾನು ನಮ್ಮ ದೊಡ್ಡಪ್ಪನ ಅಭಿಮನ್ಯುವನ್ನು ಕಳೆದುಕೊಂಡೆ.

ದೊಡ್ಡಪ್ಪ ಪುತ್ತೂರಿನ ಕಡೆಯವರು, ತೆಂಕುತಿಟ್ಟು ಯಕ್ಷಗಾನದ ಹವ್ಯಾಸಿ ಕಲಾವಿದರು. ಪುಂಡುವೇಷ, ಅಂದರೆ ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರ, ಅವರದ್ದು. ಊರಿನ ಒಂದು ಬಯಲಾಟವನ್ನು ಮದುವೆ ವಿಡಿಯೊ ತೆಗೆಯುವವರೊಬ್ಬರು ವಿಎಚ್‌ಎಸ್‌ನಲ್ಲಿ ಹಿಡಿದಿದ್ದರು. ಅವರು ಕುಣಿದದ್ದಕ್ಕೆ ಉಳಿದಿದ್ದ ದಾಖಲೆ ಅದೊಂದೇ. ಚಕ್ರವ್ಯೂಹದ ಭಾಗದಲ್ಲಿ ಚೆಂಡೆಯ ಪೆಟ್ಟಿಗೆ ರಂಗಸ್ಥಳದ ಸುತ್ತ ಧೀಂಗಿಣ ಹಾಕುತ್ತಾರೆ, ಅಂದರೆ ಹಾರಿ ಹಾರಿ ಗಿರಕಿ ಹೊಡೆಯುತ್ತಾರೆ. ನೆಲದ ಮೇಲೆ ಇರುವುದಕ್ಕಿಂತ ಗಾಳಿಯಲ್ಲೇ ಜಾಸ್ತಿ ಇದ್ದಾರೇನೋ ಅನಿಸುತ್ತಿತ್ತು.

ಕ್ಯಾಸೆಟ್ ಓಡಿಸುವ ವಿಸಿಆರ್‌ನ ಹಳದಿ ವೈರನ್ನು, ಅಂದರೆ ಚಿತ್ರ ಸಾಗಿಸುವ ವೈರನ್ನು, ಯುಎಸ್‌ಬಿ ಕಡ್ಡಿಯಂತಿದ್ದ ಆ ಕಾರ್ಡಿಗೆ ಸಿಕ್ಕಿಸಿದೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ 1920×1080 ಎಂದು ಹಾಕಿದೆ, ಸೆಕೆಂಡಿಗೆ 25 ಫ್ರೇಮ್. ಪರದೆ ತುಂಬ ಚಿತ್ರ ಬಂತು, ಖುಷಿಯಾಯಿತು. ಧೀಂಗಿಣ ಬಂದಾಗ ಮಾತ್ರ ಕಾಲುಗಳೇ ಕಾಣಲಿಲ್ಲ. ಅಡ್ಡಡ್ಡ ಗೆರೆಗಳು, ಅವುಗಳ ನಡುವೆ ಕಲೆಸಿಹೋದ ಬಣ್ಣ. ಕ್ಯಾಸೆಟ್ ಹಳೆಯದು, ಅದಕ್ಕೇ ಹೀಗೆ ಅಂದುಕೊಂಡೆ. ಕ್ಯಾಸೆಟ್ಟನ್ನು ದೊಡ್ಡಪ್ಪನ ಮನೆಗೆ ವಾಪಸ್ ಕೊಟ್ಟೆ, ಅದು ಅಟ್ಟ ಸೇರಿತು.

ಕ್ಯಾಸೆಟ್ಟಿನದ್ದೇನೂ ತಪ್ಪಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಕ್ಯಾಸೆಟ್ ಉಳಿಯುವುದು ಬಿಡುವುದು ಇದರ ಮೇಲೇ ನಿಂತಿದೆ. ನಮ್ಮ ದೇಶದ ಕ್ಯಾಸೆಟ್ಟುಗಳು ಪಾಲ್ ಎಂಬ ಟಿವಿ ಪದ್ಧತಿಯವು. ಒಂದು ಫ್ರೇಮಿನಲ್ಲಿ 576 ಸಾಲು ಚಿತ್ರ. ಆದರೆ ಆ 576 ಸಾಲುಗಳನ್ನು ಕ್ಯಾಮೆರಾ ಒಂದೇ ಸಲ ಹಿಡಿದಿರುವುದಿಲ್ಲ. ಮೊದಲು ಒಂದು ಬಿಟ್ಟು ಒಂದರಂತೆ 288 ಸಾಲು. ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಮಿಕ್ಕ 288. ಈ ಅರ್ಧ ಚಿತ್ರಕ್ಕೆ ಫೀಲ್ಡ್ ಅನ್ನುತ್ತಾರೆ. ವಿಸಿಆರ್ ಒಳಗಿನ ಡ್ರಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ, ಅದರ ಎರಡು ಹೆಡ್‌ಗಳು ಸುತ್ತಿಗೊಂದೊಂದು ಫೀಲ್ಡ್ ಓದುತ್ತವೆ. ಅಂದರೆ ನಿಮ್ಮ ಟೇಪಿನಲ್ಲಿ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳಿವೆ.

ಈಗ 576 ಸಾಲನ್ನು 1080 ಮಾಡಿ ಅಂದರೆ ಸಾಫ್ಟ್‌ವೇರ್ ಏನು ಮಾಡುತ್ತದೆ? ಅಕ್ಕಪಕ್ಕದ ಸಾಲುಗಳನ್ನು ಬೆರೆಸಿ ಹೊಸ ಸಾಲು ಹುಟ್ಟಿಸುತ್ತದೆ. ಅಕ್ಕಪಕ್ಕದ ಸಾಲುಗಳು ಬೇರೆ ಬೇರೆ ಕ್ಷಣದವು ಅಲ್ವಾ? ದೊಡ್ಡಪ್ಪನ ಕಾಲು ಮೊದಲ ಕ್ಷಣದಲ್ಲಿ ಒಂದು ಕಡೆ, ಮುಂದಿನ ಕ್ಷಣದಲ್ಲಿ ಇನ್ನೊಂದು ಕಡೆ. ಎರಡನ್ನೂ ಕಲೆಸಿಬಿಟ್ಟರೆ ಮತ್ತೆ ಬೇರೆ ಮಾಡಲು ದಾರಿಯಿಲ್ಲ. ಅದೇ 576 ಸಾಲುಗಳನ್ನು ಹೇಗಿವೆಯೋ ಹಾಗೇ ಇಟ್ಟಿದ್ದರೆ, ಹತ್ತು ವರ್ಷ ಬಿಟ್ಟು ಕೂತರೂ ಸಮ ಸಾಲು, ಬೆಸ ಸಾಲು ಎಂದು ಬಿಡಿಸಬಹುದಿತ್ತು. ಮೇಲಿಂದ 4:3 ಚಿತ್ರವನ್ನು 16:9ಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡಿದ್ದೆ. ಅದು ಸರಿಪಡಿಸಬಹುದಾದ ತಪ್ಪು. ಸಾಲು ಬೆರೆತದ್ದು ಸರಿಯಾಗುವಂಥದ್ದಲ್ಲ.

ಇದೆಲ್ಲ ಅರ್ಥವಾಗಿ ಮತ್ತೆ ಕ್ಯಾಸೆಟ್ ತರಿಸುವಷ್ಟರಲ್ಲಿ ಮಳೆಗಾಲಗಳು ಕಳೆದಿದ್ದವು. ಕರಾವಳಿಯ ಮಳೆ ನಿಮಗೆ ಗೊತ್ತಲ್ಲ. ಟೇಪಿನ ಅಂಚಿಗೆ ಬಿಳಿ ಫಂಗಸ್ ಹಿಡಿದಿತ್ತು. ಸ್ವಚ್ಛ ಮಾಡಿಸಿದೆ, ಆದರೆ ಚಕ್ರವ್ಯೂಹದ ಭಾಗದಲ್ಲಿ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಪದರವೇ ಕಿತ್ತು ಬಂತು. ಮಿಕ್ಕದ್ದನ್ನು ಸರಿಯಾದ ಕ್ರಮದಲ್ಲಿ ಹಿಡಿದೆ. ಒಡ್ಡೋಲಗದಲ್ಲಿ, ಅಂದರೆ ವೇಷ ರಂಗಕ್ಕೆ ಬರುವ ಕುಣಿತದಲ್ಲಿ, ದೊಡ್ಡಪ್ಪನ ಒಂದೊಂದು ಹೆಜ್ಜೆಯೂ ನೀರು ಹರಿದ ಹಾಗೆ ಸಾಗುತ್ತದೆ. ಧೀಂಗಿಣಕ್ಕೆ ಮಾತ್ರ ಆ 1080ಪಿ ಫೈಲೇ ಗತಿ.

ಹಾಗಾಗಿ "ಜಾಸ್ತಿ ರೆಸಲ್ಯೂಷನ್" ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರುವ ವಿವರ ಸುಮಾರು 240 ಗೆರೆ, ಪರದೆಯ ಪೂರ್ತಿ ಅಗಲಕ್ಕೆ ಲೆಕ್ಕ ಹಾಕಿದರೆ 320 ಚುಕ್ಕಿಗಳ ಆಸುಪಾಸು. ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಡಿಮೆ. 720×576ರಲ್ಲಿ ಹಿಡಿದರೆ ಆಗಲೇ ಬೇಕಾದದ್ದಕ್ಕಿಂತ ಹೆಚ್ಚು ಜಾಗ ಕೊಟ್ಟಿರುತ್ತೀರಿ. ನೀವು ಕಾಪಾಡಬೇಕಾದದ್ದು ಆ 50 ಕ್ಷಣಗಳನ್ನು.

ಕಾರ್ಡ್ ಯಾವುದಾದರೂ ಇರಲಿ, 720×576 ಇಂಟರ್‌ಲೇಸ್ಡ್ ಚಿತ್ರವನ್ನು, ಅಂದರೆ ಎರಡು ಫೀಲ್ಡ್ ಹೆಣೆದುಕೊಂಡಿರುವ ಚಿತ್ರವನ್ನು, ಮುಟ್ಟದೆ ಕೊಡಬೇಕು. ಪರೀಕ್ಷೆ ಸುಲಭ. ಯಾರಾದರೂ ಬೇಗ ಕೈ ಬೀಸುವ ಕಡೆ ಹಿಡಿದು, ಒಂದು ಫ್ರೇಮಿನಲ್ಲಿ ನಿಲ್ಲಿಸಿ ನೋಡಿ. ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಚೂಪಾದ ಗೆರೆ ಕಂಡರೆ ಕಾರ್ಡ್ ಒಳ್ಳೆಯದು. ಮಸುಕಾಗಿದ್ದರೆ ವಾಪಸ್ ಮಾಡಿ. ಹಳದಿ ವೈರಿನಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿಗಳಂತೂ ಈ ಕೆಲಸಕ್ಕೆ ಬೇಡ, ಅವು ಒಳಗೇ ಚಿತ್ರವನ್ನು ಹಿಗ್ಗಿಸಿ ಕಳಿಸುತ್ತವೆ.

ರೆಕಾರ್ಡ್ ಮಾಡಲು ವರ್ಚುವಲ್‌ಡಬ್ ಎಂಬ ಸಾಫ್ಟ್‌ವೇರಿನಲ್ಲಿ ಹಫ್‌ವೈಯುವಿ ಅಥವಾ ಲಗರಿತ್ ಕೋಡೆಕ್ (ಚಿತ್ರ ಕೆಡದಂತೆ ಫೈಲ್ ಕುಗ್ಗಿಸುವ ವಿಧಾನ) ಇಟ್ಟು 4:2:2 ಎಂಬ ಬಣ್ಣದ ಆಯ್ಕೆಯಲ್ಲಿ ಹಿಡಿಯಿರಿ. ಗಂಟೆಗೆ 30 ಜಿಬಿ ದಾಟಬಹುದು, ದಾಟಲಿ. ಈ ಮೂಲ ಫೈಲನ್ನು ಎಂದೂ ಅಳಿಸಬೇಡಿ. ಆಮೇಲೆ ಅವಿಸಿಂತ್ ಎಂಬ ಸಾಫ್ಟ್‌ವೇರಿನ ಕ್ಯೂಟಿಜಿಎಂಸಿ ಫಿಲ್ಟರಿನಿಂದ ಫೀಲ್ಡ್‌ಗಳನ್ನು ಬಿಡಿಸಿ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಮಾಡಿಸಿ. ಅಷ್ಟು ಕಲಿಯಲು ಪುರುಸೊತ್ತಿಲ್ಲದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಸಾಫ್ಟ್‌ವೇರಿನ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಸಾಕು. ಹಿಗ್ಗಿಸುವುದಿದ್ದರೆ ಇದಾದ ಮೇಲೆ, 1440×1080ಕ್ಕೆ. ಯೂಟ್ಯೂಬಿಗೆ ಹಾಕುವುದಾದರೆ ಹಿಗ್ಗಿಸಲೇಬೇಕು, ಅಲ್ಲಿ 720ಪಿಗಿಂತ ಕೆಳಗೆ 50 ಫ್ರೇಮ್ ಸಿಗುವುದಿಲ್ಲ.

ಕಾರ್ಡಿನಲ್ಲಿ ಉಳಿಸಿದ ದುಡ್ಡನ್ನು ವಿಸಿಆರ್‌ಗೆ ಹಾಕಿ. ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಸಿಗುವುದಿಲ್ಲ. ಹಳೆಯದನ್ನೇ ಹುಡುಕಿ, ಹೆಡ್ ಸ್ವಚ್ಛ ಮಾಡಿಸಿ. ಚಿತ್ರದ ಅಂಚು ನಡುಗುತ್ತಿದ್ದರೆ ವಿಸಿಆರ್ ಮತ್ತು ಕಾರ್ಡಿನ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಇಟ್ಟು ನೋಡಿ. ಕೆಲವು ಮಾಡೆಲ್‌ಗಳು ಆ ನಡುಕವನ್ನು ಚೆನ್ನಾಗಿ ನಿಲ್ಲಿಸುತ್ತವೆ.

ಇವತ್ತೇ ಮಾಡಬೇಕಾದದ್ದು ಒಂದಿದೆ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಆ ಪುಟ್ಟ ಕಿಟಕಿಯಲ್ಲಿ ಇಣುಕಿ. ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ, ಮೊದಲು ಸ್ವಚ್ಛ ಮಾಡುವವರನ್ನು ಹುಡುಕಿ. ಏನೂ ಕಾಣದಿದ್ದರೆ ಒಣ ಜಾಗದಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಡಿ. ಕಾರ್ಡ್ ಮುಂದಿನ ತಿಂಗಳು ತಂದರೂ ನಡೆಯುತ್ತದೆ.